ಮೆಟ್ಟಿಲ ತಿರುವಿನ ಮಾತುಗಾರ

ದೊಡ್ಡಮ್ಮನ ಮಗನೇ ಸಹಪಾಠಿಯೂ ಆಗಿಬಿಟ್ಟರೆ ಒಂದು ತೊಡಕಿದೆ. ಹುಟ್ಟಿದ್ದು ನನಗಿಂತ ಕೆಲವೇ ತಿಂಗಳು ಮುಂಚೆಯಾದರೂ ಮನೆಯಲ್ಲಿ ಅವನು ‘ಅಣ್ಣ’. ಕಾಲೇಜಿನ ಗೇಟು ದಾಟಿದ ಮೇಲೆ ಹೆಸರು ಹಿಡಿದು ಕೂಗಬಹುದಾದ ಬೆಂಚಿನ ಗೆಳೆಯ. ಮನೆಯವರು ಕಂಡ ಹುಡುಗ ಕಾಲೇಜಿಗೆ ಗೊತ್ತಿರಲಿಲ್ಲ, ಕಾಲೇಜು ಕಂಡವನು ಮನೆಗೆ ಗೊತ್ತಿರಲಿಲ್ಲ. ಇಬ್ಬರನ್ನೂ ಬಲ್ಲವನು ನಾನೊಬ್ಬನೇ ಎಂದು ಬಹಳ ಕಾಲ ನಂಬಿದ್ದೆ. ಅವನು ತೀರಿಕೊಂಡದ್ದು 1997ರಲ್ಲಿ, ಆಗಷ್ಟೇ ಇಪ್ಪತ್ತು ದಾಟಿತ್ತು. ಇಲ್ಲಿ ಹೆಸರು ಬರೆಯುವುದಿಲ್ಲ. ನಮ್ಮ ಬಿ.ಎಸ್ಸಿ. ತರಗತಿಯಲ್ಲಿ ಕುಳಿತಿದ್ದವರಿಗೆ ಮುಂದಿನ ಒಂದೆರಡು ವಾಕ್ಯಗಳಲ್ಲೇ ಯಾರೆಂದು ತಿಳಿಯುತ್ತದೆ. ಉಳಿದವರಿಗೆ ಹೆಸರಿನಿಂದ ಆಗಬೇಕಾದದ್ದೇನೂ ಇಲ್ಲ.

ಭೌತಶಾಸ್ತ್ರದ ಪ್ರಯೋಗಾಲಯ ಇದ್ದದ್ದು ಮೂರನೆಯ ಮಹಡಿಯಲ್ಲಿ. ಅಲ್ಲಿಗೆ ಹತ್ತುವಾಗ ಅವನು ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದ. ಕಂಬಿಗೆ ಒರಗಿ, ಹಿಂದೆ ಬರುತ್ತಿದ್ದವರತ್ತ ತಿರುಗಿ, ಏನಾದರೊಂದು ವಿಷಯ ತೆಗೆಯುತ್ತಿದ್ದ. ನನಗೆ ನೆನಪಿರುವ ಮೊದಲ ಭಾಷಣ ನಾವು ಸೇರಿದ ವರ್ಷದ್ದು, ಜುಲೈ 1994. ಶೂಮೇಕರ್-ಲೆವಿ ಧೂಮಕೇತು ಚೂರು ಚೂರಾಗಿ ಗುರುಗ್ರಹಕ್ಕೆ ಅಪ್ಪಳಿಸುತ್ತಿದ್ದ ವಾರ. ಜುಲೈ 16ರಿಂದ 22ರವರೆಗೆ ಒಂದಾದ ಮೇಲೊಂದು ತುಂಡು ಬಿದ್ದವು. ಅದರಲ್ಲಿ ದೊಡ್ಡದೊಂದು ಬಿದ್ದ ಜಾಗದಲ್ಲಿ ಉಳಿದ ಕಪ್ಪು ಕಲೆ ಹೆಚ್ಚುಕಡಿಮೆ ನಮ್ಮ ಭೂಮಿಯಷ್ಟು ಅಗಲವಿತ್ತು. ಪರಿಚಯವೇ ಇಲ್ಲದ ಹತ್ತಾರು ಹುಡುಗ ಹುಡುಗಿಯರನ್ನು ನಿಲ್ಲಿಸಿಕೊಂಡು, ಆ ಕಲೆಯನ್ನು ತಾನೇ ಅಳೆದು ಬಂದವನ ಹಾಗೆ ಅವನು ಹೇಳುತ್ತಿದ್ದ. ಗಂಟೆ ಬಾರಿಸಿತು. ಯಾರೂ ಕದಲಲಿಲ್ಲ. ಮೇಲಿನಿಂದ ಬಗ್ಗಿ ನೋಡಿದ ಮೇಷ್ಟರು, “ಗುರುಗ್ರಹದಲ್ಲಿ ಇರುವವರು ದಯಮಾಡಿ ಪ್ರಯೋಗಾಲಯಕ್ಕೂ ಬರಬೇಕು” ಎಂದರು. ಆ ದಿನದಿಂದ ಅವನಿಗೆ ಬಿದ್ದ ಅಡ್ಡಹೆಸರು ನಿಮಗೆಲ್ಲ ಗೊತ್ತಿದೆ.

ವಾಚಾಳಿ ಎಂದು ನೀವು ಅಂದುಕೊಂಡಿರಿ. ಅದು ಸುಳ್ಳೇನೂ ಅಲ್ಲ. ಆದರೆ ಅವನು ನಿಲ್ಲುತ್ತಿದ್ದುದು ಮಾತಾಡುವುದಕ್ಕಲ್ಲ, ಉಸಿರಾಡುವುದಕ್ಕೆ.

ಹತ್ತು ಹನ್ನೊಂದರ ವಯಸ್ಸಿನಲ್ಲಿ ಅವನಿಗೆ ಗಂಟಲುನೋವು ಬಂದಿತ್ತು, ಎಲ್ಲ ಮಕ್ಕಳಿಗೂ ಬರುವಂಥದ್ದು. ಅದು ಹೋದ ಮೇಲೆ ಜ್ವರ, ಕೀಲುಗಳಲ್ಲಿ ನೋವು. ಇವತ್ತು ಮೊಣಕಾಲು ಊದಿದರೆ ಎರಡು ದಿನ ಬಿಟ್ಟು ಅದು ಇಳಿದು ಹಿಮ್ಮಡಿಯ ಗಂಟು ಊದುತ್ತಿತ್ತು. ಆಟದಲ್ಲಿ ಬಿದ್ದಿರಬೇಕು ಎಂದುಕೊಂಡರು. ರುಮ್ಯಾಟಿಕ್ ಜ್ವರ ಎಂದು ತಿಳಿಯುವ ಹೊತ್ತಿಗೆ ಅದು ಹೃದಯವನ್ನು ಮುಟ್ಟಿಯಾಗಿತ್ತು. ಗಂಟಲಿನ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ತನ್ನದೇ ಹೃದಯದ ಕವಾಟಗಳ ಮೇಲೆ ಬೀಳುತ್ತದೆ. ಕೀಲುಗಳು ವಾಸಿಯಾಗುತ್ತವೆ, ಕವಾಟ ಆಗುವುದಿಲ್ಲ. ಇದನ್ನು ನನಗೆ ಬಿಡಿಸಿ ಹೇಳಿದವನು ಅವನೇ, ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಚಿತ್ರ ಬರೆದು. “ಉಳಿದ ಮೂರು ಕವಾಟಕ್ಕೆ ಮೂರು ಮೂರು ಎಸಳು. ಮೈಟ್ರಲ್‌ಗೆ ಇರುವುದೇ ಎರಡು. ಆ ಎರಡನ್ನೇ ಹಾಳುಮಾಡಬೇಕಾಗಿತ್ತೇ?” ಎಂದು ಅದೇನೋ ಗುಮಾಸ್ತನ ಮೇಲೆ ದೂರು ಕೊಡುವ ದನಿಯಲ್ಲಿ ಕೇಳಿದ್ದ.

ಜ್ವರ ಮರುಕಳಿಸಿ ಕವಾಟ ಇನ್ನಷ್ಟು ಕೆಡಬಾರದೆಂದು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು. ಬೆಂಜಥೀನ್ ಪೆನಿಸಿಲಿನ್ ಗಟ್ಟಿ ಔಷಧ. ಪೃಷ್ಠಕ್ಕೆ ಚುಚ್ಚಿದರೆ ಒಂದೆರಡು ದಿನ ಕುಳಿತುಕೊಳ್ಳುವುದೇ ಕಷ್ಟ. ನಮ್ಮ ಬೆಂಚಿನಲ್ಲಿ ಅವನು ಒಂದು ಪಕ್ಕಕ್ಕೆ ವಾಲಿ ಕೂರುತ್ತಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಬಸ್ಸಿನಿಂದ ಇಳಿಯುವಾಗ ಬಿದ್ದೆ ಎನ್ನುತ್ತಿದ್ದ. ಇಷ್ಟು ನಿಯಮಿತವಾಗಿ ಬಸ್ಸಿನಿಂದ ಬೀಳುವ ಮನುಷ್ಯ ಇರಲು ಸಾಧ್ಯವೇ ಎಂದು ಯಾರೂ ಕೇಳಲಿಲ್ಲ. ಒಂದು ಸಲವೂ ಅವನು ಚುಚ್ಚುಮದ್ದು ತಪ್ಪಿಸಿದವನಲ್ಲ. ಈ ಕಾಯಿಲೆಯವರಲ್ಲಿ ಎಷ್ಟೋ ಜನ ನೋವಿಗೆ ಹೆದರಿ, ಇಲ್ಲವೇ ಮೈ ಚೆನ್ನಾಗಿದೆಯಲ್ಲ ಎಂದು ನಡುವೆ ಬಿಟ್ಟುಬಿಡುತ್ತಾರೆ. ಅವನು ಬಿಡಲಿಲ್ಲ ಎನ್ನುವುದನ್ನು ಎಲ್ಲಾದರೂ ಅಚ್ಚಿನಲ್ಲಿ ದಾಖಲಿಸಬೇಕು ಅನ್ನಿಸುತ್ತಿತ್ತು, ದಾಖಲಿಸಿದೆ.

ಕಾಲೇಜಿನಲ್ಲಿ ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಪ್ರೌಢಶಾಲೆಯಲ್ಲಿ ಎಲ್ಲರಿಗೂ ಗೊತ್ತಾಗಿ, ಆಟದ ಪೀರಿಯಡ್‌ನಲ್ಲಿ ಎಲ್ಲರ ಚಪ್ಪಲಿ ಕಾಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಕರುಣೆ ತೋರುವವರು ಮೊದಲು ಮಾಡುವ ಕೆಲಸ ನಮ್ಮನ್ನು ಆಟದಿಂದ ಹೊರಗೆ ಕೂರಿಸುವುದು ಎನ್ನುತ್ತಿದ್ದ. ನಾನು ಹೇಳಲಿಲ್ಲ. ಅದು ಸರಿಯಾಗಿತ್ತೆಂದೇ ಇಂದಿಗೂ ನನ್ನ ಅಭಿಪ್ರಾಯ.

ಅವನು ಹೋದ ಮೇಲೆ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಸೌಮ್ಯ ಸ್ವಭಾವ, ವಿನಯಶೀಲ, ಎಲ್ಲರೊಡನೆ ಹೊಂದಿಕೊಂಡು ಹೋಗುವ ಹುಡುಗ ಎಂದೆಲ್ಲ ಹೇಳಿದರು. ಸಿಟ್ಟು ಬಂತು. ಅವನು ಸೌಮ್ಯನಾಗಿರಲಿಲ್ಲ. ಸೋತ ವಾದವನ್ನು ಒಂದು ವಾರ ಬಿಟ್ಟು ಹೊಸ ಪುರಾವೆಯೊಂದಿಗೆ ಮತ್ತೆ ತೆಗೆಯುತ್ತಿದ್ದ. ಲೇಖನಿ ಎರವಲು ಪಡೆದರೆ ಹಿಂದಿರುಗಿಸಿದ್ದು ನಾನು ಕಾಣೆ. ಚದುರಂಗದಲ್ಲಿ ಎದುರಾಳಿ ನೀರು ಕುಡಿಯಲು ಎದ್ದರೆ ಹಲಗೆಯ ಮೇಲೆ ಏನಾದರೂ ಆಗುತ್ತಿತ್ತು. ಗೋಡೆಪತ್ರಿಕೆಗೆ ಬಂದ ಪ್ರೇಮಕವಿತೆಗಳನ್ನೆಲ್ಲ ‘ಸ್ಥಳಾಭಾವ’ ಎಂದು ಬರೆದು ಹಿಂದಿರುಗಿಸಿ, ಆ ಜಾಗದಲ್ಲಿ ತನ್ನ ಖಗೋಳ ಲೇಖನ ಅಂಟಿಸುತ್ತಿದ್ದ. ಚಿಕ್ಕ ವಯಸ್ಸಿನಲ್ಲಿ ಸತ್ತವರಿಗೆ ನಾವು ಮಾಡುವ ಎರಡನೆಯ ಅನ್ಯಾಯ ಇದು: ಅವರ ತಂಟೆ ತಕರಾರುಗಳನ್ನೆಲ್ಲ ತೊಳೆದು ಒಳ್ಳೆಯತನವೊಂದನ್ನೇ ಉಳಿಸುತ್ತೇವೆ. ಒಳ್ಳೆಯತನ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ತಕರಾರುಗಳಲ್ಲಿ ಮಾತ್ರ ಆಯಾ ಮನುಷ್ಯನ ಗುರುತು ಸಿಗುತ್ತದೆ.

1997ರ ಮಾರ್ಚ್ ಕೊನೆಗೆ ಹೇಲ್-ಬಾಪ್ ಧೂಮಕೇತು ಸಂಜೆಯ ವಾಯವ್ಯ ಆಕಾಶದಲ್ಲಿ ಬರಿಗಣ್ಣಿಗೆ ಕಾಣುತ್ತಿತ್ತು. ಅಲನ್ ಹೇಲ್ ಮತ್ತು ಥಾಮಸ್ ಬಾಪ್ ಎಂಬ ಇಬ್ಬರು ಬೇರೆ ಬೇರೆ ಊರುಗಳಲ್ಲಿ, ಒಬ್ಬರಿಗೊಬ್ಬರು ತಿಳಿಯದೆ, 1995ರ ಜುಲೈನಲ್ಲಿ ಒಂದೇ ರಾತ್ರಿ ಅದನ್ನು ಗುರುತಿಸಿದ್ದರು. ಅಂದಿನಿಂದಲೇ ಇವನು ಅದಕ್ಕೆ ಕಾದಿದ್ದ. ಅಂತಿಮ ಪರೀಕ್ಷೆ ಹತ್ತಿರವಿತ್ತು, ಅವನಿಗೆ ಒಂದು ಮಹಡಿ ಹತ್ತುವುದೇ ಕಷ್ಟವಾಗಿತ್ತು. ರಾತ್ರಿ ದಿಂಬಿನ ಮೇಲೆ ದಿಂಬು ಇಟ್ಟುಕೊಂಡು ಅರೆ ಕುಳಿತೇ ನಿದ್ದೆ ಮಾಡುತ್ತಿದ್ದ. ಆದರೂ ಕಾಲೇಜಿನ ತಾರಸಿಗೇ ಹೋಗಬೇಕೆಂದು ಹಟ. ಹತ್ತಿದೆವು. ಅಂದಿನ ತಿರುವುಗಳ ಭಾಷಣ ಬಹಳ ಉದ್ದವಿತ್ತು, ಕೇಳುವವನು ನಾನೊಬ್ಬನೇ ಇದ್ದರೂ ಅವನು ಬಿಡಲಿಲ್ಲ. ಬಾಲ ಎರಡಿವೆ ನೋಡು, ಬಿಳಿ ಹಳದಿಯಾಗಿ ಬಾಗಿರುವುದು ಧೂಳಿನದು, ನೇರವಾಗಿ ನೀಲಿಯಾಗಿರುವುದು ಅನಿಲದ್ದು ಎಂದ. ನನಗೆ ನೀಲಿ ಕಾಣಲೇ ಇಲ್ಲ. ಕಂಡಿತು ಎಂದು ಒಪ್ಪಿಸುವವರೆಗೂ ಅವನು ಇಳಿಯಲು ಬಿಡಲಿಲ್ಲ. ಮತ್ತೆ ಬರುವುದು ಎರಡು ಸಾವಿರ ವರ್ಷಗಳ ಆಚೆಗೆ ಎಂದು ಗೋಡೆಪತ್ರಿಕೆಯಲ್ಲಿ ಬರೆದು, ಕೆಳಗೆ ‘ಮುಂದುವರಿಯುವುದು’ ಎಂದು ಹಾಕಿದ್ದ.

ಪರೀಕ್ಷೆ ಮುಗಿಸಿದ. ಬಲೂನಿನಿಂದ ಕವಾಟ ಹಿಗ್ಗಿಸುವ ವಿಧಾನ ಆಗಲೇ ಇತ್ತು, ಆದರೆ ಅವನ ಕವಾಟ ಕಿರಿದಾಗಿದ್ದಷ್ಟೇ ಅಲ್ಲ, ಸೋರುತ್ತಲೂ ಇತ್ತು. ಅಂಥದ್ದಕ್ಕೆ ಬಲೂನು ಹೊಂದುವುದಿಲ್ಲ. ಕವಾಟ ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ಅದರಿಂದ ಅವನು ಚೇತರಿಸಿಕೊಳ್ಳಲಿಲ್ಲ.

ಮನೆಗೆ ಬಂದವರು ದೊಡ್ಡಮ್ಮ ದೊಡ್ಡಪ್ಪನನ್ನು ಸಂತೈಸಿದರು, ಅದೇ ನ್ಯಾಯ. ನಾನು ಕುರ್ಚಿ ಹಾಕಿದೆ, ತೆಗೆದೆ. ಕಾಲೇಜಿನಲ್ಲಿ ಗೆಳೆಯರು ಗುಂಪಾಗಿ ಅತ್ತರು; ನಾನು ಹೋದರೆ ‘ಮನೆಯವನು’ ಎಂದು ದಾರಿ ಬಿಟ್ಟು ಸರಿದು ನಿಂತರು. ಎರಡೂ ಕಡೆ ಸಲ್ಲುವವನಿಗೆ ಅಳಲು ಯಾವ ಕಡೆಯೂ ಜಾಗ ಸಿಗಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ನಡೆದದ್ದು ಹಾಗೆ.

ಕಳೆದ ವರ್ಷ ದೊಡ್ಡಮ್ಮನ ಜೊತೆ ಕುಳಿತಿದ್ದಾಗ ಮೆಟ್ಟಿಲಿನ ವಿಷಯ ಹೇಳಿಬಿಟ್ಟೆ. ಉಸಿರು ಕಟ್ಟಿದ್ದು ಕಾಣಬಾರದೆಂದು ಅವನು ಕಂಡುಕೊಂಡ ಉಪಾಯವನ್ನು ಇಷ್ಟು ವರ್ಷ ಕಾಪಾಡಿದ್ದೇನೆ ಎಂಬ ಜಂಬವೂ ನನ್ನ ಮಾತಿನಲ್ಲಿ ಇದ್ದಿರಬೇಕು. ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು.

“ಅವನು ಕಂಡುಕೊಂಡದ್ದಲ್ಲ ಕಣೋ, ನಾನು ಹೇಳಿಕೊಟ್ಟದ್ದು. ನಿಂತು ನಿಂತು ಹತ್ತು ಎಂದು ಡಾಕ್ಟರು ಹೇಳಿದ್ದರು. ಎಲ್ಲರ ಎದುರು ಸುಮ್ಮನೆ ನಿಲ್ಲಲು ನಾಚಿಕೆ ಎಂದು ಅತ್ತ. ಸುಮ್ಮನೆ ಯಾಕೆ ನಿಲ್ಲುತ್ತೀಯ, ಯಾರ ಹತ್ತಿರವಾದರೂ ಮಾತಾಡುತ್ತಾ ನಿಲ್ಲು ಎಂದೆ.” ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: “ಅಷ್ಟೊಂದು ಏನು ಮಾತಾಡುತ್ತಿದ್ದ?”

ಗುರುಗ್ರಹದ್ದು ಹೇಳಿದೆ, ಹೇಲ್-ಬಾಪ್ ಹೇಳಿದೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ ಎಂದು ನಿಮಿಷಕ್ಕೆ ಎಪ್ಪತ್ತರಂತೆ ಅವನು ಬಾಯಲ್ಲೇ ಗುಣಿಸಿ ತೋರಿಸಿದ್ದನ್ನೂ ಹೇಳಿದೆ. ಅಲ್ಲಿಗೆ ನನ್ನ ಸಂಗ್ರಹ ಮುಗಿಯಿತು. ಮೂರು ವರ್ಷ ಪಕ್ಕದಲ್ಲೇ ನಿಂತಿದ್ದವನಿಗೆ ಉಳಿದದ್ದು ಇಷ್ಟೇ; ಅವನ ಮಾತಿಗಿಂತ ಅವನ ಉಸಿರನ್ನೇ ಹೆಚ್ಚು ಗಮನಿಸುತ್ತಿದ್ದೆನೋ ಏನೋ. ಆದರೆ ನೀವು ಮಾತನ್ನು ಕೇಳಿಸಿಕೊಂಡವರು, ನಿಮಗೆ ಉಸಿರಿನ ವಿಷಯ ಗೊತ್ತೇ ಇರಲಿಲ್ಲ. ಆ ತಿರುವುಗಳಲ್ಲಿ ನಿಂತಿದ್ದವರಿಗೆ ಯಾವುದಾದರೂ ಒಂದು ಭಾಷಣ, ಅರ್ಧವೇ ಆಗಲಿ, ನೆನಪಿದ್ದರೆ ಈ ಸಂಚಿಕೆಯ ಸಂಪಾದಕರಿಗೆ ಬರೆದು ಕಳುಹಿಸಿ. ಗೋಡೆಪತ್ರಿಕೆಯ ಹಾಳೆ ಯಾರ ಬಳಿಯಾದರೂ ಇದ್ದರೆ ಅದರ ಪ್ರತಿಯನ್ನೂ ಕಳುಹಿಸಿ. ಪ್ರೇಮಕವಿತೆ ತಿರಸ್ಕೃತವಾದವರು ಬೈದು ಬರೆದರೂ ಅಡ್ಡಿಯಿಲ್ಲ. ದೊಡ್ಡಮ್ಮನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ, ನಾನು ಓದಿ ಹೇಳುತ್ತೇನೆ.