ಆ ಹುಡುಗ ಊಟ ಎಲ್ಲಿ ಮಾಡಬೇಕಿತ್ತು?

ಇತಿಹಾಸ ಪಾಠ ಮಾಡಿಕೊಂಡು ಬಂದವನಾದ್ದರಿಂದ ಒಂದು ಪ್ರಶ್ನೆ ನನಗೆ ವರ್ಷಕ್ಕೆ ಹತ್ತು ಸಲವಾದರೂ ಎದುರಾಗುತ್ತದೆ. ತರಗತಿಯಲ್ಲಿ ಕೇಳುತ್ತಾರೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. "ಮೀಸಲಾತಿ ಬಂದದ್ದು ಸಂವಿಧಾನ ಬಂದ ಮೇಲೆ ಅಲ್ವಾ? ಮೈಸೂರಿನಲ್ಲಿ ಅದಕ್ಕೂ ಮೊದಲೇ ಇತ್ತು ಅಂತೀರಲ್ಲ, ಅದು ಹೇಗೆ? ನಾಲ್ವಡಿಯವರು ದೊಡ್ಡ ಮನಸ್ಸು ಮಾಡಿ ಕೊಟ್ಟರು, ಅಷ್ಟೇ ತಾನೇ?"

ನಾಲ್ವಡಿ ಕೃಷ್ಣರಾಜ ಒಡೆಯರ ಮನಸ್ಸು ದೊಡ್ಡದೇ. ಅದರಲ್ಲಿ ನನಗೆ ಅನುಮಾನವಿಲ್ಲ. "ಅಷ್ಟೇ" ಅನ್ನುವ ಮಾತನ್ನು ಮಾತ್ರ ಒಪ್ಪುವುದಿಲ್ಲ. ಕೊಟ್ಟವರ ಹೆಸರು ಎಲ್ಲರಿಗೂ ಗೊತ್ತು. ಕೇಳಿದವರು ಯಾರು, ಕೇಳುವ ಶಕ್ತಿ ಅವರಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅಸಲು ಕಥೆ ಇರುವುದೇ ಅಲ್ಲಿ.

ಮೊದಲು ಆಗಿನ ಸ್ಥಿತಿ ನೋಡೋಣ. ಐವತ್ತು ವರ್ಷ ಬ್ರಿಟಿಷರ ಕೈಯಲ್ಲಿದ್ದ ಮೈಸೂರು 1881ರಲ್ಲಿ ಒಡೆಯರ ಕೈಗೆ ವಾಪಸ್ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ದಸರೆ ಹೊತ್ತಿಗೆ ಊರೂರಿನ ಜಮೀನುದಾರರು, ವ್ಯಾಪಾರಿಗಳು ಮೈಸೂರಿಗೆ ಬಂದು ಸೇರುತ್ತಿದ್ದರು. ಸರ್ಕಾರದ ಲೆಕ್ಕ ಕೇಳಿಸಿಕೊಂಡು, ತಮ್ಮ ಅಹವಾಲು ಹೇಳಿಕೊಂಡು ಊರಿಗೆ ಹೋಗುತ್ತಿದ್ದರು. ಯಾವುದನ್ನೂ ತೀರ್ಮಾನ ಮಾಡುವ ಅಧಿಕಾರ ಅವರಿಗಿರಲಿಲ್ಲ. ಅಧಿಕಾರವೆಲ್ಲ ಕಚೇರಿಯಲ್ಲಿತ್ತು. ಕಚೇರಿಗೆ ಹೋಗಲು ಇಂಗ್ಲಿಷ್ ಬೇಕಿತ್ತು.

ಆ ಕಚೇರಿಗಾಗಿ ನಡೆದ ಮೊದಲ ಜಗಳ ಬ್ರಾಹ್ಮಣರಿಗೂ ಬೇರೆಯವರಿಗೂ ನಡುವಿನದ್ದಲ್ಲ. ಮದರಾಸಿನಿಂದ ಬಂದ ಬ್ರಾಹ್ಮಣ ಅಧಿಕಾರಿಗಳಿಗೂ ಮೈಸೂರಿನ ಬ್ರಾಹ್ಮಣರಿಗೂ ನಡುವಿನದ್ದು. ಮೈಸೂರಿನ ಕೆಲಸ ಮೈಸೂರಿನವರಿಗೇ ಸಿಗಬೇಕು ಎಂಬ ಕೂಗು ಆಗಲೇ ಎದ್ದಿತ್ತು. "ನಮ್ಮ ಪಾಲು ನಮಗೆ" ಎಂಬ ಮಾತನ್ನು ಹಿಂದುಳಿದವರು ಹೊಸದಾಗಿ ಹುಟ್ಟಿಸಲಿಲ್ಲ. ಇದನ್ನು ಹೇಳಿದರೆ ತುಂಬಾ ಜನ ಆಶ್ಚರ್ಯಪಡುತ್ತಾರೆ.

ಇನ್ನು ಊಟದ ವಿಷಯ. ಕಾಲೇಜು ಓದಬೇಕೆಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೋ ಮೈಸೂರಿನ ಮಹಾರಾಜಾ ಕಾಲೇಜಿಗೋ ಹೋಗಬೇಕು. ಹಳ್ಳಿಯ ಹುಡುಗ ಪೇಟೆಗೆ ಬಂದರೆ ಮಲಗುವುದೆಲ್ಲಿ, ಉಣ್ಣುವುದೆಲ್ಲಿ? ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದೇನೂ ಸುಖದ ಬದುಕಲ್ಲ. ಹಂಗಿನ ಅನ್ನ ಅದು, ಉಂಡವರಿಗೇ ಗೊತ್ತು ಅದರ ಕಷ್ಟ. ಆದರೂ ಹೇಗೋ ಹೊಟ್ಟೆ ತುಂಬುತ್ತಿತ್ತು, ಓದು ನಿಲ್ಲುತ್ತಿರಲಿಲ್ಲ. ಒಕ್ಕಲಿಗರ ಹುಡುಗ, ಕುರುಬರ ಹುಡುಗ, ನೇಕಾರರ ಹುಡುಗ ಪೇಟೆಯಲ್ಲಿ ಯಾರ ಮನೆಗೆ ಹೋಗಿ ನಿಲ್ಲಬೇಕು? ಹುಡುಗ ದಲಿತನಾದರೆ ಬಾಡಿಗೆಗೆ ಒಂದು ಕೋಣೆ ಕೊಡುವವರೂ ಇರಲಿಲ್ಲ. "ಅವರಿಗೆ ಓದಿನಲ್ಲಿ ಆಸಕ್ತಿ ಇರಲಿಲ್ಲ" ಎಂದು ಸುಮ್ನೆ ಹೇಳಿಬಿಡುವವರಿಗೆ ನಾನು ಕೇಳುವುದು ಇದೊಂದೇ: ಆ ಹುಡುಗ ಊಟ ಎಲ್ಲಿ ಮಾಡಬೇಕಿತ್ತು?

ಹಾಗಾಗಿಯೇ 1905, 1906ರ ಹೊತ್ತಿಗೆ ಹುಟ್ಟಿದ ಲಿಂಗಾಯತರ, ಒಕ್ಕಲಿಗರ ಸಂಘಗಳು ಓದುವ ಹುಡುಗರ ಚಿಂತೆ ಹಚ್ಚಿಕೊಂಡವು. ಹಣ ಕೂಡಿಸಿದರು, ಹಾಸ್ಟೆಲ್ ಕಟ್ಟಿದರು, ವಿದ್ಯಾರ್ಥಿವೇತನ ಕೊಟ್ಟರು, ಪತ್ರಿಕೆ ಹೊರಡಿಸಿದರು. ಮುಸ್ಲಿಮರೂ ಸಂಘ ಕಟ್ಟಿಕೊಂಡರು. 1917ರಲ್ಲಿ ಇವರೆಲ್ಲ ಒಟ್ಟಾಗಿ ಪ್ರಜಾಮಿತ್ರ ಮಂಡಳಿ ಮಾಡಿಕೊಂಡರು. 1918ರಲ್ಲಿ ಇವರ ನಿಯೋಗ ಮಹಾರಾಜರನ್ನು ಕಂಡು, ಸರ್ಕಾರಿ ಕೆಲಸದಲ್ಲಿ ನಮಗೂ ಪಾಲು ಬೇಕು ಎಂದು ಮನವಿ ಕೊಟ್ಟಿತು. ಆ ಮನವಿಯ ಹಿಂದೆ ಹತ್ತು ಹನ್ನೆರಡು ವರ್ಷದ ದುಡಿಮೆ ಇತ್ತು.

ಗಾಳಿಯೂ ಅದೇ ಕಡೆ ಬೀಸುತ್ತಿತ್ತು ಅನ್ನಿ. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲೇ ಅರ್ಧದಷ್ಟು ಹುದ್ದೆ ಹಿಂದುಳಿದವರಿಗೆ ಎಂದು ಆದೇಶ ಮಾಡಿದ್ದರು. ಪಕ್ಕದ ಮದರಾಸಿನಲ್ಲಿ 1916ರಲ್ಲಿ ಬ್ರಾಹ್ಮಣೇತರರ ಜಸ್ಟೀಸ್ ಪಕ್ಷದ ಚಳವಳಿ ಶುರುವಾಗಿತ್ತು.

ನಾಲ್ವಡಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಆಗ ಸಂಸ್ಥಾನದ ಜನರಲ್ಲಿ ಬ್ರಾಹ್ಮಣರು ನೂರಕ್ಕೆ 4ಕ್ಕಿಂತ ಕಡಿಮೆ. ಸರ್ಕಾರಿ ಕೆಲಸದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಅವರದ್ದು. ಯಾರು ಹಿಂದುಳಿದವರು ಅನ್ನುವುದಕ್ಕೆ ಸಮಿತಿ ಸರಳವಾದ ಅಳತೆ ಇಟ್ಟಿತು. ಯಾವ ಸಮುದಾಯದಲ್ಲಿ ಇಂಗ್ಲಿಷ್ ಬಲ್ಲವರು ನೂರಕ್ಕೆ 5ಕ್ಕಿಂತ ಕಡಿಮೆಯೋ ಅದು ಹಿಂದುಳಿದದ್ದು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಇವರಿಗೆ ಸಿಗಬೇಕು ಎಂದು 1919ರಲ್ಲಿ ವರದಿ ಕೊಟ್ಟರು. 1921ರಲ್ಲಿ ಆದೇಶ ಹೊರಟಿತು.

"ಪ್ರತಿಭೆ ಏನಾಗಬೇಕು ಸರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗಲೂ ಕೇಳಿದ್ದರು. ಕೇಳಿದವರು ಸಾಮಾನ್ಯರಲ್ಲ, ವಿಶ್ವೇಶ್ವರಯ್ಯನವರೇ. ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ ಮೇಲೆ ಬಂದವರು ಅವರು. ಶಿಕ್ಷಣ ಹರಡಿದರೆ ಎಲ್ಲವೂ ತಾನಾಗೇ ಸರಿಹೋಗುತ್ತದೆ, ಕೆಲಸಕ್ಕೆ ಯೋಗ್ಯತೆಯನ್ನೇ ನೋಡಬೇಕು ಎಂಬುದು ಅವರ ನಂಬಿಕೆ. ಬ್ಯಾಂಕು, ವಿಶ್ವವಿದ್ಯಾಲಯ ಎಲ್ಲ ಅವರ ದಿವಾನಗಿರಿಯಲ್ಲಿ ಬಂದವು. 1918ರ ಕೊನೆಯಲ್ಲಿ ಅವರು ದಿವಾನಗಿರಿಯನ್ನೇ ಬಿಟ್ಟರು. ಅವರನ್ನು ಜಾತಿವಾದಿ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಅವರ ಕಾಳಜಿ ಪ್ರಾಮಾಣಿಕವಾಗಿತ್ತು. ಆದರೆ ಈ ವಿಷಯದಲ್ಲಿ ಸಮಿತಿ ಹೇಳಿದ್ದೇ ಸರಿ ಎಂದು ನನಗೆ ಅನಿಸುತ್ತದೆ. ಪರೀಕ್ಷೆಯ ಅಂಕವೊಂದರಿಂದಲೇ ಅಧಿಕಾರಿಯನ್ನು ಅಳೆಯಲು ಆಗುವುದಿಲ್ಲ, ಪ್ರಾಮಾಣಿಕತೆ, ಜನರ ಮೇಲಿನ ಅನುಕಂಪ, ವ್ಯವಹಾರ ಜ್ಞಾನ ಕೂಡ ದಕ್ಷತೆಯೇ ಎಂದಿತ್ತು ಸಮಿತಿ.

ಅದರ ಅರ್ಥ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಇದೆ. ನಮ್ಮ ದೊಡ್ಡತಾತನದ್ದು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು ಅರ್ಧ ಅಳಿಸಿದೆ. 1920ರ ದಶಕದಲ್ಲಿ ಅದನ್ನು ಹೊತ್ತುಕೊಂಡು ಅವರು ಮೈಸೂರಿನ ಹಾಸ್ಟೆಲಿಗೆ ಹೋದರು. ಒಳಗೆ ಎರಡು ಜೊತೆ ಬಟ್ಟೆ, ಒಂದು ತಟ್ಟೆ, ಒಂದು ಚೊಂಬು. ಮುದ್ದೆ ಉಂಡು ಬೆಳೆದ ಹುಡುಗನಿಗೆ ದಿನಾ ಅನ್ನ ಸಿಕ್ಕಿದ್ದೇ ಹಬ್ಬವಾಗಿತ್ತಂತೆ. ಓದಿ ಬಂದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾದರು. ಆಮೇಲೆ ಊರಿನ ರೈತರು ಕಚೇರಿಗೆ ಹೋಗುವ ರೀತಿಯೇ ಬದಲಾಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಲ್ಲಿಯವರೆಗೆ ಕಂದಾಯದ ಕಾಗದ ಹಿಡಿದು ಬಾಗಿಲಲ್ಲೇ ಕೈಮುಗಿದು ನಿಂತಿದ್ದವರು ಈಗ ಒಳಗೆ ಹೋಗಿ, "ಇದೇನ್ ಬರೆದವ್ರೆ ಓದಪ್ಪ ಸ್ವಲ್ಪ" ಅನ್ನುತ್ತಿದ್ದರಂತೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಪೂರ್ತಿ ನಿಜ ಹೇಳಿದ ಹಾಗಾಗುವುದಿಲ್ಲ. ಆ ಆದೇಶದ ಫಲ ಹೆಚ್ಚಾಗಿ ಸಿಕ್ಕಿದ್ದು ಸಂಘ, ಹಾಸ್ಟೆಲ್ ಕಟ್ಟಿಕೊಳ್ಳುವಷ್ಟು ಜಮೀನು, ಹಣ ಇದ್ದ ಜಾತಿಗಳಿಗೆ. ಬ್ರಾಹ್ಮಣರನ್ನಷ್ಟೇ ಬಿಟ್ಟು ಉಳಿದವರನ್ನೆಲ್ಲ ಒಂದೇ ಗುಂಪಿಗೆ ಹಾಕಿದ್ದರಿಂದ, ಸಾಲಿನಲ್ಲಿ ಮುಂದೆ ಇದ್ದವರೇ ಮೊದಲು ಒಳಗೆ ಹೋದರು. ದಲಿತ ಮಕ್ಕಳನ್ನು ಎಲ್ಲರ ಜೊತೆ ಸರ್ಕಾರಿ ಶಾಲೆಯಲ್ಲಿ ಕೂರಿಸಬೇಕು ಎಂದು ಸರ್ಕಾರ ಹೇಳಿದಾಗ ಎದ್ದ ವಿರೋಧ ಸಣ್ಣದಲ್ಲ. ತಮ್ಮ ಪಾಲು ಕೇಳಿದವರೆಲ್ಲ ಆ ಮಕ್ಕಳ ಪಾಲಿಗಾಗಿ ದನಿ ಎತ್ತಲಿಲ್ಲ.

ಅಜ್ಜಿಯನ್ನು ಒಂದು ಸಲ ಕೇಳಿದ್ದೆ. "ಕೇರಿಯವರು ಅರ್ಜಿ ತಂದರೆ ದೊಡ್ಡತಾತ ಏನು ಮಾಡೋರು?" ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. "ಅವರ ಅರ್ಜೀನೂ ಇಸ್ಕೊಂಡು ಬರೆದುಕೊಡೋರಪ್ಪ, ಒಂದು ಕಾಸೂ ಮುಟ್ಟುತ್ತಿರಲಿಲ್ಲ ನಮ್ ಭಾವನೋರು" ಅಂದಳು. "ಒಳಗೆ ಕರೀತಿದ್ರಾ?" ಅಂದೆ. ಮೊರದ ಮೇಲೆ ಓಡಾಡುತ್ತಿದ್ದ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ, "ಅಂಗಳದಲ್ಲಿ ಒಂದು ಹುಣಸೆ ಮರ ಇತ್ತು, ಅಲ್ಲಿ ನಿಂತಿರೋರು" ಅಂದಳು.