ಕಾಸರಗೋಡಿನ ತುಂಡು ಏನು ಮಾಡೋದು?

ಗಡಿ ಗೆರೆಗಳ ಲಿನೋ ಪ್ರಿಂಟ್ (ಲಿನೋಲಿಯಂ ಹಾಳೆ ಕೆತ್ತಿ, ಇಂಕ್ ಹಚ್ಚಿ ಒತ್ತುವ ಅಚ್ಚು) ಕೆಲಸ ಒಂದು ಹಂತಕ್ಕೆ ಬಂತು. ಬ್ಲಾಕ್‌ಗಳ ಕೆತ್ತನೆ ಮುಗಿದಿದೆ.

ಇದು 1956ರ ನವೆಂಬರ್ 1ಕ್ಕೆ ಮುಂಚಿನ ಕನ್ನಡ ನಾಡು. ಮೈಸೂರು, ಮುಂಬೈ ಕಡೆಯ ನಾಲ್ಕು ಜಿಲ್ಲೆ, ಹೈದರಾಬಾದಿನ ಮೂರು, ಕೊಡಗು, ಮದರಾಸಿನ ದಕ್ಷಿಣ ಕನ್ನಡ: ಒಂದೊಂದು ಭಾಗಕ್ಕೆ ಒಂದೊಂದು ಬ್ಲಾಕ್. ಕೊಳ್ಳೇಗಾಲವೂ ಆಗ ಮದರಾಸಿನದೇ, ಆದರೆ ದಕ್ಷಿಣ ಕನ್ನಡದಿಂದ ದೂರ. ಹಾಗಾಗಿ ಅದಕ್ಕೊಂದು ಬೇರೆ ಚೂರು. ಬಳ್ಳಾರಿ 1953ರಲ್ಲೇ ಮೈಸೂರಿಗೆ ಸೇರಿತ್ತು, ಒಂದು ಬ್ಲಾಕ್ ಉಳೀತು. ಅಚ್ಚಿನಲ್ಲಿ ಎಲ್ಲವೂ ತಿರುವುಮುರುವು, ಅದಕ್ಕೆ ಬ್ಲಾಕ್ ಮೇಲೆ ಮಂಗಳೂರು ಬಲಗಡೆ ಕೂತಿದೆ.

ಇದಕ್ಕೆಲ್ಲ ಕಾರಣ ಜರೀನಾ ಹಾಶ್ಮಿ. ಅಲಿಗಢದಲ್ಲಿ ಹುಟ್ಟಿದ ಕಲಾವಿದೆ. 2001ರಲ್ಲಿ 'ಡಿವೈಡಿಂಗ್ ಲೈನ್' ಅನ್ನೋ ಮರದಚ್ಚು ಮಾಡಿದರು. ಭಾರತ-ಪಾಕಿಸ್ತಾನದ ಗಡಿ, ಒಂದೇ ಒಂದು ಕಪ್ಪು ಗೆರೆ. ಊರಿನ ಹೆಸರಿಲ್ಲ, ಬಣ್ಣ ಇಲ್ಲ. ಉಳಿ ಹಿಡಿದವರಿಗೆ ಅದರ ಕಷ್ಟ ಗೊತ್ತು: ಇಂಥ ಅಚ್ಚಿನಲ್ಲಿ ಕಪ್ಪು ಗೆರೆ ಬೇಕಿದ್ದರೆ ಗೆರೆಯನ್ನು ಕೆತ್ತುವಂತಿಲ್ಲ. ಎರಡೂ ಕಡೆಯ ನೆಲವನ್ನು ಕೆತ್ತಿ ತೆಗೆಯಬೇಕು. ಆ ಗಡಿ ಜನರಿಗೆ ಗೊತ್ತಾಗಿದ್ದು 1947ರ ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದು ಎರಡು ದಿನ ಆದಮೇಲೆ.

ನಾನು ಉಲ್ಟಾ ಹೋಗಿದ್ದೇನೆ. ನನ್ನಲ್ಲಿ ನೆಲ ಉಳಿಯುತ್ತದೆ, ಗೆರೆ ಬರೀ ಸಂದು. ಮೊದಲ ಪ್ರಿಂಟ್‌ನಲ್ಲಿ ಒಂದೊಂದು ತುಂಡಿಗೆ ಒಂದೊಂದು ಬಣ್ಣ. ಎರಡನೆಯದು 1956ರ ನಂತರದ ನಾಡು, ಅದರಲ್ಲಿ ಎಲ್ಲಕ್ಕೂ ಒಂದೇ ಇಂಕ್ ಹಚ್ಚಿ ಜೋಡಿಸಿದೆ. ಆದರೂ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತೆ. ಗೆಳೆಯರೊಬ್ಬರು, "ಮುಚ್ಚಿಬಿಡಿ, ಚೆನ್ನಾಗಿ ಕಾಣುತ್ತೆ" ಅಂದರು. ಮುಚ್ಚಲ್ಲ. ರಾಜ್ಯೋತ್ಸವದ ಫ್ಲೆಕ್ಸ್‌ಗಳಲ್ಲಿ ಅಂಥ ನಕ್ಷೆ ಬೇಕಾದಷ್ಟಿದೆ, ಅಲ್ವಾ? ಹೈದರಾಬಾದಿನ ಭಾಗಕ್ಕೆ 2012ರಲ್ಲಿ ಸಂವಿಧಾನ ತಿದ್ದಿ, ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ ತರಬೇಕಾಯಿತು. ಸಂದು ಇನ್ನೂ ಇದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಈಗಿನ ತಲೆನೋವು ಕಾಸರಗೋಡು. ಮೊದಲ ಪ್ರಿಂಟ್‌ಗೆ ಅದು ದಕ್ಷಿಣ ಕನ್ನಡದ ಜೊತೆಗೇ ಇತ್ತು. ಎರಡನೆಯದಕ್ಕೆ ಕತ್ತರಿಸಬೇಕಾಯಿತು, 1956ರಲ್ಲಿ ಅದು ಕೇರಳಕ್ಕೆ ಹೋಯಿತಲ್ಲ. ತುಂಡು ಮೇಜಿನ ಮೇಲೇ ಇದೆ. ಬಿಟ್ಟುಬಿಟ್ಟರೆ ಸುಳ್ಳು ಅನ್ನಿಸುತ್ತೆ, ಬಣ್ಣ ಹಚ್ಚಿ ಸೇರಿಸಿದರೆ ಜಗಳ. ಕೊನೆಗೆ ಇಂಕ್ ಹಚ್ಚದೆ ಅದರ ಜಾಗದಲ್ಲೇ ಇಟ್ಟು ಒತ್ತೋಣ ಅಂತ ತೀರ್ಮಾನಿಸಿದ್ದೇನೆ. ಬಣ್ಣ ಬರಲ್ಲ, ಪೇಪರ್‌ನಲ್ಲಿ ತಗ್ಗು ಮಾತ್ರ ಬೀಳುತ್ತೆ.

ಪೇಪರ್ ಹಿಂದೆ ಕೈಯಲ್ಲೇ ಚಮಚದಿಂದ ಉಜ್ಜಿದರೆ ಆ ತಗ್ಗು ಸರಿಯಾಗಿ ಮೂಡಲ್ಲ, ಪ್ರೆಸ್ಸೇ ಬೇಕು. ಪೇಪರೂ ದಪ್ಪ ಇರಬೇಕು. ಶನಿವಾರ ಅವೆನ್ಯೂ ರಸ್ತೆಯಲ್ಲಿ ಹುಡುಕುತ್ತೇನೆ. ಬೆಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ಪ್ರೆಸ್ ಬಳಸೋಕೆ ಕೊಡುವವರು ಗೊತ್ತಿದ್ದರೆ ತಿಳಿಸಿ.