ಒಂದೇ ಬಣ್ಣ, ಐದು ಮೈಕಟ್ಟು

ಅಣ್ಣನ ಮಗಳು ತನ್ನ ಮದುವೆಯಲ್ಲಿ ಜೊತೆಗೆ ನಿಲ್ಲಲು ಐವರನ್ನು ಆರಿಸಿಕೊಂಡಿದ್ದಳು. ಅವರೆಲ್ಲ ಏನು ತೊಡಬೇಕು ಎಂಬುದನ್ನೂ ನಿರ್ಧರಿಸಿಬಿಟ್ಟಿದ್ದಳು: ಪಿಸ್ತಾ ಹಸಿರಿನ ಸ್ಯಾಟಿನ್, ತೋಳಿಲ್ಲದ, ಸೊಂಟಕ್ಕೆ ಅಂಟಿ ನೆಲದವರೆಗೆ ಇಳಿಯುವ ಗೌನ್. ಫೋನಿನಲ್ಲಿದ್ದ ಚಿತ್ರವನ್ನು ನನ್ನ ಮುಂದೆ ಹಿಡಿದು, "ಅತ್ತೆ, ಎಲ್ಲರೂ ಒಂದೇ ಥರ ಇದ್ರೆ ಫೋಟೋದಲ್ಲಿ ಎಷ್ಟು ಚೆನ್ನಾಗಿರುತ್ತೆ ನೋಡಿ" ಎಂದಳು. ಹೊಲಿಗೆ ನನ್ನ ಕಸುಬು. ಆದ್ದರಿಂದ ನನ್ನ ಕಣ್ಣು ಗೌನಿಗಿಂತ ಮೊದಲು ಅದನ್ನು ತೊಟ್ಟವರ ಮೇಲೆ ಹೋಯಿತು. ಚಿತ್ರದಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರದವರು, ಒಂದೇ ಮೈಕಟ್ಟಿನವರು. ನಮ್ಮ ಐವರಲ್ಲಿ ಒಬ್ಬಳು ತೆಳ್ಳಗೆ ಎತ್ತರ, ಒಬ್ಬಳು ಚಿಕ್ಕಂದಿನಿಂದ ಈಜಿ ಅಗಲ ಭುಜ ಬೆಳೆಸಿಕೊಂಡವಳು, ಮೂರನೆಯವಳು ಗಿಡ್ಡಗೆ ತುಂಬಿದ ಮೈಯವಳು. ನಾಲ್ಕನೆಯವಳಿಗೆ ಮದುವೆಯ ಹೊತ್ತಿಗೆ ಏಳು ತಿಂಗಳು ತುಂಬಲಿತ್ತು. ಐದನೆಯವಳು ಮದುಮಗಳ ತಂಗಿ, ಹದಿಮೂರರ ಹುಡುಗಿ, ಇನ್ನೂ ಬೆಳೆಯುತ್ತಿರುವವಳು. ನಾನು ವಾದಕ್ಕಿಳಿಯಲಿಲ್ಲ. ಆ ಚಿತ್ರದಂತೆಯೇ ಮಾದರಿ ಗೌನೊಂದನ್ನು ಹೊಲಿದಿಟ್ಟು, ಎಲ್ಲರನ್ನೂ ಒಂದು ಭಾನುವಾರ ಬೆಳಿಗ್ಗೆ ಮನೆಗೆ ಕರೆಸಿದೆ.

ಗೌನು ಎತ್ತರದ ಹುಡುಗಿಯ ಮೇಲೆ ಚಿತ್ರದಲ್ಲಿದ್ದಂತೆಯೇ ಇಳಿಯಿತು. ಮದುಮಗಳ ಮುಖ ಅರಳಿತು. ಗಿಡ್ಡನೆಯ ಹುಡುಗಿ ತೊಟ್ಟಾಗ ಎದೆಯ ಬಳಿ ಬಟ್ಟೆ ಬಿಗಿದು ಕಂಕುಳಿನಿಂದ ಓರೆಯಾಗಿ ಗೆರೆಗಳು ಎದ್ದವು, ಸೊಂಟದಲ್ಲಿ ಮಾತ್ರ ಸಡಿಲವಾಗಿ ಜೋತುಬಿತ್ತು. ಇಂಥ ಎಳೆತದ ಗೆರೆಗಳು ಎಲ್ಲಿಂದ ಹುಟ್ಟುತ್ತವೆ ಎಂದು ನೋಡಿದರೆ ಸಾಕು, ಬಟ್ಟೆ ಎಲ್ಲಿ ಸಾಲುತ್ತಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಗೆರೆ ಎದೆಯ ಕಡೆಗೆ ತೋರಿಸಿದರೆ ಕೊರತೆ ಎದೆಯಲ್ಲಿದೆ, ಭುಜದ ಕಡೆಗೆ ತೋರಿಸಿದರೆ ಭುಜದಲ್ಲಿದೆ. ಅದನ್ನು ತೊಟ್ಟವರು ಮಾತ್ರ ತಮ್ಮ ಮೈಯನ್ನೇ ದೂರಿಕೊಳ್ಳುತ್ತಾರೆ. ಆ ಹುಡುಗಿಯೂ ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತು, "ನಾನು ಸ್ವಲ್ಪ ಸಣ್ಣ ಆಗ್ತೀನಿ ಆಂಟಿ" ಎಂದಳು. ಈ ಮಾತನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ, ಪ್ರತಿಸಲವೂ ನೋವಾಗುತ್ತದೆ. ನೂಲು ಬಿಚ್ಚಿ ಮತ್ತೆ ಹೊಲಿಯಬಹುದಾದದ್ದು ಬಟ್ಟೆ. ಬದಲಾಗಬೇಕಾದದ್ದೂ ಅದೇ ಎಂದು ಅವಳಿಗೆ ಹೇಳಿದೆ. ಮದುಮಗಳು ಅದನ್ನು ಕೇಳಿಸಿಕೊಂಡಳು.

ಬಣ್ಣದ ಪರೀಕ್ಷೆಗೆ ಎಲ್ಲರನ್ನೂ ಒಬ್ಬೊಬ್ಬರಾಗಿ ಕಿಟಕಿಯ ಬಳಿ ಕೂರಿಸಿ, ತೊಟ್ಟ ಅಂಗಿಯ ಬಣ್ಣ ಕಾಣದಂತೆ ಬಿಳಿ ಬಟ್ಟೆ ಹೊದಿಸಿ, ಗಲ್ಲದ ಕೆಳಗೆ ತುಣುಕುಗಳನ್ನು ಹಿಡಿದು ನೋಡಿದೆವು. ಪಿಸ್ತಾ ಸ್ಯಾಟಿನ್ ಹಿಡಿದ ಕೂಡಲೇ ಎಲ್ಲರ ಗಲ್ಲದ ಅಡಿಯಲ್ಲೂ ಹಸಿರು ಛಾಯೆ ಮೂಡಿತು, ಇಬ್ಬರ ಕಣ್ಣಿನ ಕೆಳಗಿನ ಕಪ್ಪು ಇನ್ನಷ್ಟು ಎದ್ದುಕಂಡಿತು. ಸ್ಯಾಟಿನ್ನಿನ ಹೊಳಪು ಬೆಳಕನ್ನು ತನ್ನ ಬಣ್ಣದೊಂದಿಗೆ ಮುಖಕ್ಕೆ ಎರಚುತ್ತದೆ. ಹೊಳಪಿಲ್ಲದ ಕ್ರೇಪಿನಲ್ಲಿ ಅದೇ ಬಣ್ಣವನ್ನು ಹಿಡಿದಾಗ ಛಾಯೆ ಬಹಳ ಮಟ್ಟಿಗೆ ತಗ್ಗಿತು, ಆದರೂ ಮುಖ ಕಳೆಗಟ್ಟಲಿಲ್ಲ. ಆಮೇಲೆ ಅದೇ ಕ್ರೇಪಿನ ಗಾಢ ನೀಲಿಹಸಿರಿನ ತುಣುಕೊಂದನ್ನು ಹಿಡಿದೆ. ತೀರಾ ತಿಳಿಬಣ್ಣದ ಗರ್ಭಿಣಿ ಗೆಳತಿಯಿಂದ ಹಿಡಿದು ಗಾಢ ಕಪ್ಪಿನ ಈಜುಗಾರ್ತಿಯವರೆಗೆ ಐವರ ಮುಖವೂ ಬೆಚ್ಚಗೆ, ಸ್ಪಷ್ಟವಾಗಿ ಎದ್ದು ನಿಂತಿತು.

ಇದು ಕಣ್ಣಿನ ನಿಯಮ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್ 1824ರಲ್ಲಿ ಪ್ಯಾರಿಸ್ಸಿನ ಗೋಬೆಲಿನ್ ಎಂಬ ಚಿತ್ರನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದ ಮುಖ್ಯಸ್ಥರಾದರು. ಅಲ್ಲಿನ ಕಪ್ಪು ಬಣ್ಣದಲ್ಲಿ ಗಾಢತೆ ಸಾಲದು ಎಂಬ ದೂರನ್ನು ಪರಿಶೀಲಿಸಿದಾಗ ಬಣ್ಣದಲ್ಲಿ ದೋಷವಿಲ್ಲವೆಂದೂ, ಕಪ್ಪಿನ ಪಕ್ಕದಲ್ಲಿ ನೇಯ್ದ ನೀಲಿಯಂಥ ಬಣ್ಣಗಳೇ ಅದನ್ನು ಮಂಕಾಗಿ ತೋರಿಸುತ್ತಿವೆಯೆಂದೂ ಅವರು ಕಂಡುಕೊಂಡರು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ತಮ್ಮ ಎದುರು ಬಣ್ಣದ, ಅಂದರೆ ವರ್ಣಚಕ್ರದಲ್ಲಿ ತಮಗೆ ಎದುರಾಗಿ ಕೂರುವ ಬಣ್ಣದ, ಕಡೆಗೆ ತಳ್ಳುತ್ತವೆ ಎಂಬ ಅವರ ವಿವರಣೆ 1839ರಲ್ಲಿ ಪ್ರಕಟವಾಯಿತು. ಮನುಷ್ಯರ ಮೈಬಣ್ಣ ತಿಳಿಯಿರಲಿ ಗಾಢವಿರಲಿ, ಅದರ ಮೂಲ ವರ್ಣ ಕಿತ್ತಳೆಯ ಆಸುಪಾಸಿನದೇ. ಕಿತ್ತಳೆಯ ಎದುರು ಬಣ್ಣ ನೀಲಿಯ ಕಡೆಯದು, ಹಾಗಾಗಿ ಅದು ಪಕ್ಕದಲ್ಲಿದ್ದರೆ ಮುಖ ಇನ್ನಷ್ಟು ಬೆಚ್ಚಗೆ ಕಾಣುತ್ತದೆ. ಬೇರೆ ಬೇರೆ ಮೈಬಣ್ಣದ ಹಲವರಿಗೆ ಒಂದೇ ಬಣ್ಣ ಬೇಕಾದಾಗ ನಾನು ಗಾಢ ನೀಲಿಹಸಿರಿನಿಂದ ಶುರು ಮಾಡುವುದು ಈ ಕಾರಣಕ್ಕೆ. ಮದುಮಗಳಿಗೆ ಶೆವ್ರಲ್ ಕತೆ ಹೇಳುವ ಅಗತ್ಯ ಬೀಳಲಿಲ್ಲ. ಎರಡು ತುಣುಕುಗಳನ್ನು ಒಂದಾದ ಮೇಲೊಂದು ಹಿಡಿದಾಗ ಅವಳೇ ಪಿಸ್ತಾವನ್ನು ಬದಿಗಿಟ್ಟಳು. ಎಲ್ಲರ ಗೌನಿಗೂ ಒಂದೇ ಥಾನಿನ ಬಟ್ಟೆ ತರಬೇಕೆಂದು ಮಾತ್ರ ನಾನು ಪಟ್ಟು ಹಿಡಿದೆ. ಒಂದೇ ಹೆಸರಿನ ಬಣ್ಣವಾದರೂ ಬೇರೆ ಬೇರೆ ಸಲ ಅದ್ದಿದ ಥಾನುಗಳಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ, ಒಟ್ಟಿಗೆ ನಿಂತಾಗ ಅದು ಕಣ್ಣಿಗೆ ಹೊಡೆಯುತ್ತದೆ.

ಬಟ್ಟೆ ಒಂದೇ, ಬಣ್ಣ ಒಂದೇ, ನೆಲದಿಂದ ಅಂಚಿನ ಎತ್ತರವೂ ಒಂದೇ; ಕತ್ತು, ತೋಳು, ಸೊಂಟ ಅವರವರಿಗೆ ತಕ್ಕಂತೆ. ಈ ಒಪ್ಪಂದಕ್ಕೆ ಬಂದ ಮೇಲೆ ಕೆಲಸ ಸಲೀಸಾಯಿತು. ಗಿಡ್ಡನೆಯ ಹುಡುಗಿಗೆ ಪ್ರಿನ್ಸೆಸ್ ಕಟ್ ಇಟ್ಟೆ: ಭುಜದಿಂದ ಎದೆಯ ಮೇಲೆ ಹಾದು ಅಂಚಿನವರೆಗೆ ಇಳಿಯುವ ಉದ್ದ ಹೊಲಿಗೆಗಳು ಎದೆಗೆ ಬೇಕಾದಷ್ಟು ಬಟ್ಟೆ ಕೊಟ್ಟು ಸೊಂಟದಲ್ಲಿ ಹಿಡಿದುಕೊಳ್ಳುತ್ತವೆ, ಕಣ್ಣನ್ನೂ ಮೇಲಿನಿಂದ ಕೆಳಕ್ಕೆ ಒಯ್ಯುತ್ತವೆ. ಈಜುಗಾರ್ತಿಗೆ ಭುಜ ಮುಚ್ಚುವ ತೋಳು ಇಡೋಣವೇ ಎಂದು ಮದುಮಗಳು ಕೇಳಿದಾಗ ಅವಳು ನಕ್ಕು, "ಈ ಭುಜಕ್ಕೋಸ್ಕರ ಎಷ್ಟು ವರ್ಷ ಬೆಳಗಿನ ಜಾವ ಎದ್ದಿದ್ದೀನಿ, ಮುಚ್ಚೋದಾ?" ಎಂದಳು. ನನಗೆ ಬಹಳ ಸಂತೋಷವಾಯಿತು. ಒಪ್ಪುವ ಉಡುಪು ಎಂದರೆ ಮೈಯ ಯಾವುದೋ ಭಾಗವನ್ನು ಅಡಗಿಸುವ ಉಡುಪು ಎಂಬ ಗ್ರಹಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅವಳಿಗೆ ಕುತ್ತಿಗೆಯ ಹಿಂದೆ ಕಟ್ಟುವ ಹಾಲ್ಟರ್ ಕತ್ತು ಇಟ್ಟು ಎರಡೂ ಭುಜಗಳನ್ನು ತೆರೆದೇ ಬಿಟ್ಟೆ, ಕೆಳಗೆ ಲಂಗದ ಘೇರನ್ನು ಹೆಚ್ಚಿಸಿದೆ.

ಹೆಚ್ಚು ಹೊತ್ತು ಹಿಡಿದದ್ದು ಗರ್ಭಿಣಿಯ ಗೌನು. ಅಳತೆ ತೆಗೆಯುವ ದಿನದ ಮೈ ಮದುವೆಯ ದಿನ ಇರುವುದಿಲ್ಲ, ಎಷ್ಟು ಬದಲಾಗುತ್ತದೆ ಎಂದು ಮೊದಲೇ ಹೇಳಲೂ ಬರುವುದಿಲ್ಲ. ಹೀಗಾಗಿ ಸೊಂಟದ ಗೆರೆಯನ್ನು ಎದೆಯ ಕೆಳಗೇ ಹಿಡಿದು, ಅಲ್ಲಿಂದ ಸಣ್ಣ ನೆರಿಗೆಗಳನ್ನು ಬಿಟ್ಟೆ. ಅಲ್ಲಿ ಮೈಸುತ್ತಳತೆ ಹೊಟ್ಟೆಯಷ್ಟು ಏರುವುದಿಲ್ಲ, ಕೆಳಗಿನ ಬಟ್ಟೆ ಹೊಟ್ಟೆಯ ಜೊತೆ ತಾನೇ ಹಿಗ್ಗಿಕೊಳ್ಳುತ್ತದೆ. ಮುಂಭಾಗದ ಉದ್ದವನ್ನು ಹಿಂಭಾಗಕ್ಕಿಂತ ಹೆಚ್ಚು ಇಟ್ಟೆ. ಹೊಟ್ಟೆ ಮುಂದೆ ಬಂದಂತೆ ಬಟ್ಟೆಯನ್ನು ಮೇಲಕ್ಕೆಳೆಯುತ್ತದೆ, ಸಮನಾಗಿ ಕತ್ತರಿಸಿದ ಅಂಚು ಮುಂದೆ ಕಣಕಾಲಿನ ಮೇಲೇರಿ ಹಿಂದೆ ನೆಲ ಗುಡಿಸುತ್ತದೆ. ಪಕ್ಕದ ಹೊಲಿಗೆಗಳ ಒಳಗೆ 2 ಅಂಗುಲ ಬಟ್ಟೆ ಬಿಟ್ಟೆ. ಅಂಚನ್ನು ಮಾತ್ರ ಕೊನೆಯ ವಾರದಲ್ಲಿ, ಆ ದಿನ ಅವಳು ಹಾಕಿಕೊಳ್ಳುವ ಮೆಟ್ಟನ್ನೇ ಹಾಕಿಸಿ, ನೆಲದಿಂದ ಅಳೆದು ಗುರುತು ಮಾಡಿದೆ.

ಎತ್ತರದ ಹುಡುಗಿಯ ಗೌನನ್ನು ಕ್ರಾಸ್ ಕಟಿಂಗಿನಲ್ಲಿ, ಅಂದರೆ ಎಳೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ಮದ್ಲೇನ್ ವಿಯೊನೆ ಇದನ್ನು ಇಡೀ ಉಡುಪಿಗೆ ಬಳಸಿ ಹೆಸರಾದವರು. ಓರೆ ಬಟ್ಟೆ ಹಿಗ್ಗುತ್ತದೆ, ಮೈಯ ಏರಿಳಿತವನ್ನು ಹಿಡಿದು ನೀರಿನಂತೆ ಹರಿಯುತ್ತದೆ. ಆದರೆ ತನ್ನ ಭಾರಕ್ಕೆ ತಾನೇ ಉದ್ದವಾಗುತ್ತಲೂ ಹೋಗುತ್ತದೆ. ಅಂಚು ಹೊಲಿಯುವ ಮೊದಲು ಅದನ್ನು ಒಂದು ದಿನ ಪೂರ್ತಿ ಹ್ಯಾಂಗರಿಗೆ ನೇತುಹಾಕಿಡಲೇಬೇಕು. ಹದಿಮೂರರ ಹುಡುಗಿ ಜೇಬು ಬೇಕೆಂದಳು, ಇಟ್ಟುಕೊಟ್ಟೆ. ಅಂಚಿನ ಒಳಮಡಿಕೆಯನ್ನು ದೊಡ್ಡದಾಗಿ ಬಿಟ್ಟೆ.

ಅತ್ತಿಗೆ, ಅಂದರೆ ಮದುಮಗಳ ತಾಯಿ, ತನಗಾಗಿ ತಂದಿದ್ದ ಬಟ್ಟೆಯಲ್ಲಿ ಸಣ್ಣ ಅಡ್ಡಗೆರೆಗಳಿದ್ದವು. ಬಟ್ಟೆ ಅವರಿಗೆ ತುಂಬ ಇಷ್ಟ, ಆದರೆ ಅಡ್ಡಗೆರೆ ತೊಟ್ಟರೆ ದಪ್ಪ ಕಾಣುತ್ತೇನೆಂಬ ಅಳುಕು. ಹತ್ತೊಂಬತ್ತನೇ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದಕ್ಕೆ ವಿರುದ್ಧವಾದದ್ದನ್ನು ತೋರಿಸಿದ್ದಾರೆ: ಅಡ್ಡಗೆರೆಗಳಿಂದ ತುಂಬಿದ ಚೌಕ ಅಗಲವಾಗಿ ಕಾಣುವ ಬದಲು ಎತ್ತರವಾಗಿ ಕಾಣುತ್ತದೆ. ಅಗಲ ತೋರುವುದು ಹೆಚ್ಚಾಗಿ ಮೈಯ ಅಗಲ ಭಾಗದಲ್ಲೇ ತುಂಡಾಗುವ ದಪ್ಪ ಪಟ್ಟಿಯಿಂದ, ಸೊಂಟಕ್ಕಿಂತ ಕೆಳಗೆ ಮುಗಿಯುವ ಕೋಟಿನಂಚಿನಿಂದ. "ಅತ್ತಿಗೆ, ನಿಮಗೆ ಇಷ್ಟ ಇದೆಯಲ್ಲ, ಅದನ್ನೇ ಹೊಲಿಯೋಣ" ಎಂದೆ. ಅವರು ಕೇಳಿದ್ದು ಮುಕ್ಕಾಲು ತೋಳು ಒಂದನ್ನೇ.

ಉಡುಪುಗಳನ್ನು ಮೊದಲ ಸಲ ತೊಡಿಸಿ ನೋಡಿದ ದಿನ ಮಧ್ಯಾಹ್ನವೆಲ್ಲ ಕನ್ನಡಿಯಿಂದ ದೂರವೇ ಕಳೆಯಿತು. ಸದ್ಯಕ್ಕೆಂದು ಸಡಿಲವಾಗಿ ಹೊಲಿದ ಕಚ್ಚಾ ಉಡುಪುಗಳಲ್ಲಿ ಎಲ್ಲರನ್ನೂ ಕೂರಿಸಿದೆ, ಏಳಿಸಿದೆ, ಮೆಟ್ಟಿಲು ಹತ್ತಿಸಿದೆ, ಕೈ ಮೇಲೆತ್ತಿ ಅಪ್ಪಿಕೊಳ್ಳಲು ಹೇಳಿದೆ. ಮದುವೆಯಲ್ಲಿ ಜನ ಸುಮ್ಮನೆ ನಿಂತಿರುವುದು ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ. ಕೈಯೆತ್ತಿದಾಗ ಇಡೀ ಉಡುಪು ಮೇಲೇರಿದರೆ ಕಂಕುಳ ತೀರಾ ಕೆಳಗಿದೆ ಎಂದರ್ಥ. ತೋಳಿನ ಕಂಕುಳನ್ನು ಮೇಲಕ್ಕೆ ಕತ್ತರಿಸಿದಷ್ಟೂ ಕೈ ಸರಾಗವಾಗಿ ಆಡುತ್ತದೆ. ಇದನ್ನು ಹೇಳಿದರೆ ಯಾರೂ ಸುಲಭವಾಗಿ ನಂಬುವುದಿಲ್ಲ, ತೊಟ್ಟು ನೋಡಿದ ಮೇಲೆಯೇ ನಂಬುತ್ತಾರೆ.

ಸಂಜೆ ಬಟ್ಟೆಯ ತುಣುಕುಗಳನ್ನು ಹಿಡಿದು ಮದುವೆ ನಡೆಯುವ ಸಭಾಂಗಣಕ್ಕೆ ಹೋದೆವು. ಸಮಾರಂಭ ಇದ್ದದ್ದು ಸೂರ್ಯಾಸ್ತದ ಮೇಲೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ, ಅಂಕಿ ಇಳಿದಷ್ಟೂ ಬೆಳಕು ಹಳದಿ: ಮಧ್ಯಾಹ್ನದ ಬೆಳಕು ಸುಮಾರು 5500ರಿಂದ 6500 ಕೆಲ್ವಿನ್, ಅಲ್ಲಿದ್ದಂಥ ಹಳದಿ ದೀಪಗಳು ಸುಮಾರು 2700. ನಮ್ಮ ನೀಲಿಹಸಿರು ಆ ದೀಪದಡಿ ಸ್ವಲ್ಪ ಹಸಿರಿನ ಕಡೆಗೆ ವಾಲಿತು, ಆದರೂ ಮುಖಗಳಿಗೆ ಹೊಂದುತ್ತಲೇ ಇತ್ತು. ಮೇಲೆ ಹೊದೆಯಲೆಂದು ತಂದಿದ್ದ ಶಿಫಾನಿನ ಶಾಲು ಮಾತ್ರ ಕಿಟಕಿಯ ಬೆಳಕಿನಲ್ಲಿ ಗೌನಿನ ಬಟ್ಟೆಗೆ ತದ್ರೂಪವಾಗಿದ್ದದ್ದು ಇಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು. ಎರಡು ಬಗೆಯ ನೂಲಿಗೆ ಎರಡು ಬಗೆಯ ಬಣ್ಣ ಹಾಕಿದಾಗ ಹೀಗಾಗುತ್ತದೆ. ಒಂದು ಬೆಳಕಿನಲ್ಲಿ ಕೂಡುವ ಬಣ್ಣಗಳು ಇನ್ನೊಂದರಲ್ಲಿ ಅಗಲುತ್ತವೆ. ಹೊಂದಿಸುವ ಪ್ರಯತ್ನವನ್ನೇ ಬಿಟ್ಟು, ಬೇರೆ ಎಂದು ಮೊದಲ ನೋಟಕ್ಕೇ ಗೊತ್ತಾಗುವ ದಂತದ ಬಣ್ಣದ ಶಾಲುಗಳನ್ನು ಆರಿಸಿದೆವು. ಫ್ಲ್ಯಾಶ್ ಹಾಕಿ ಫೋಟೋ ತೆಗೆದಾಗ ಕ್ರೇಪಿನ ಮೂಲಕ ಬೆಳಕು ಹಾಯುತ್ತದೆಂದು ಗೊತ್ತಾಗಿ ಎಲ್ಲಕ್ಕೂ ಅಸ್ತರಿ ಹಾಕುವುದೆಂದು ನಿಶ್ಚಯಿಸಿದೆವು. ಮದುಮಗಳ ಅಣ್ಣ ಆರಿಸಿದ್ದ ಸಣ್ಣ ಚೌಕುಳಿಯ ಸೂಟಿನ ಬಟ್ಟೆ ಫೋನಿನ ವಿಡಿಯೊದಲ್ಲಿ ಅಲೆಅಲೆಯಾಗಿ ಮಿನುಗಿತು. ಬಟ್ಟೆಯ ಗೆರೆಗಳೂ ಕ್ಯಾಮೆರಾ ಸೆನ್ಸರಿನ ಚುಕ್ಕಿಗಳ ಸಾಲೂ ಒಂದರ ಮೇಲೊಂದು ಕೂತಾಗ ಮೂಡುವ ವಿನ್ಯಾಸ ಅದು. ಅವನು ಸಾದಾ ಬಟ್ಟೆಗೆ ಒಪ್ಪಿದ.

ಈ ನಡುವೆ ಮದುವೆಗೆ ಬರಲಿದ್ದ ನನ್ನ ಗೆಳತಿ ಫೋನು ಮಾಡಿ, ಮದುಮಗಳ ಬಣ್ಣವೆನ್ನುವ ಬಿಳಿಯನ್ನು ಅತಿಥಿಯಾಗಿ ಬರುವವಳು ತೊಡಬಹುದೇ ಎಂದು ಕೇಳಿದಳು. 1840ರ ಫೆಬ್ರವರಿ 10ರಂದು ಬಿಳಿಯುಟ್ಟು ಮದುವೆಯಾದ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಹಿಂದೆ ನಡೆದ 12 ಸಖಿಯರೂ ಬಿಳಿಯನ್ನೇ ತೊಟ್ಟಿದ್ದರು. ಆ ಬಣ್ಣ ಮದುಮಗಳೊಬ್ಬಳದೇ ಎಂಬುದು ಎಲ್ಲ ಕಾಲಕ್ಕೂ ಇದ್ದ ಕಟ್ಟಳೆಯಲ್ಲ. ಆದರೂ ನನ್ನ ಉತ್ತರ ಸರಳವಾಗಿತ್ತು: ಮದುಮಗಳು ಏನು ಉಡುತ್ತಾಳೆಂದು ಕೇಳು, ಅದನ್ನು ಬಿಡು. ಹೊಸದನ್ನು ಕೊಳ್ಳುವುದಾದರೆ ಭುಜ ಸರಿಯಾಗಿ ಕೂರುವುದನ್ನೇ ತೆಗೆದುಕೋ ಎಂದೂ ಹೇಳಿದೆ. ಸೊಂಟ ಹಿಡಿಯುವುದು, ಅಂಚು ಮಡಿಸುವುದು ಯಾವ ದರ್ಜಿಗೂ ಸುಲಭ. ಸಿದ್ಧ ಉಡುಪಿನ ಭುಜ ಸರಿಪಡಿಸಲು ತೋಳು ಬಿಚ್ಚಬೇಕು, ಕತ್ತು ಬಿಚ್ಚಬೇಕು.

ಮದುವೆಯ ಸಂಜೆ ಗರ್ಭಿಣಿ ಗೆಳತಿಯ ಅಂಚು ಮುಂದೆಯೂ ಹಿಂದೆಯೂ ಒಂದೇ ಮಟ್ಟದಲ್ಲಿ ನಿಂತಿತ್ತು. ಗಿಡ್ಡನೆಯ ಹುಡುಗಿ ಫೋಟೋಗೆ ಹಿಂದಿನ ಸಾಲಿಗೆ ಸರಿಯಲಿಲ್ಲ, ಮದುಮಗಳ ಪಕ್ಕದಲ್ಲೇ ನಿಂತಳು. ಮಗು ಹುಟ್ಟಿದ ಮೇಲೆ ಆ ಗೆಳತಿ ತನ್ನ ಗೌನನ್ನು ನನ್ನಲ್ಲಿಗೆ ಕಳಿಸಿದ್ದಾಳೆ. ಎದೆಯ ಕೆಳಗಿನ ನೆರಿಗೆಗಳನ್ನು ಬಿಚ್ಚಿ, ಪಕ್ಕಗಳನ್ನು ಒಳಗೆ ಹಿಡಿದು, ಮುಂದಿನ ಹೆಚ್ಚುವರಿ ಉದ್ದವನ್ನು ಕತ್ತರಿಸಿದರೆ ಅದು ಅವಳ ಈಗಿನ ಮೈಗೆ ಕೂರುತ್ತದೆ. ಎದೆಯ ಮುಂಭಾಗದಲ್ಲಿ ಹಾಲೂಡಿಸಲು ಅನುಕೂಲವಾಗುವಂತೆ ಒಂದು ಅಡಗು ಜಿಪ್ಪನ್ನೂ ಇಡಬೇಕೆಂದು ಕೇಳಿದ್ದಾಳೆ, ಇಡುತ್ತಿದ್ದೇನೆ.